ಹಸೆ ಚಿತ್ತಾರವನ್ನು ಆನ್‌ಲೈನ್ ಕೋರ್ಸ್ ಮೂಲಕ ಕಲಿಸುವುದು ಏಕೆ ಕಷ್ಟ?

ಹಸೆ ಚಿತ್ತಾರ ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರಕಲೆ; ಕೈಗೆ ಮಾತ್ರ ತಿಳಿಯುವ ಹದವನ್ನು ಪರದೆಯ ಮೂಲಕ ದಾಟಿಸಬೇಕಾಗಿರುವುದೇ ಇಲ್ಲಿನ ನಿಜವಾದ ಕಷ್ಟ. ಉತ್ತರ ಕನ್ನಡದ ಸಿದ್ದಾಪುರ ಭಾಗದ ದೀವರ ಸಮುದಾಯದ ಮಹಿಳೆಯರು ಪುಂಡಿ ಗಿಡದ ನಾರಿನ ಕುಂಚವನ್ನು ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಎಳೆಯುವ ಸಪೂರ ಗೆರೆಯು ಹಿಟ್ಟಿನ ಹದವನ್ನೂ ಬೆರಳಿನ ಒತ್ತಡವನ್ನೂ ಅವಲಂಬಿಸಿರುತ್ತದೆ. ಕ್ಯಾಮೆರಾದಲ್ಲಿ ಗೆರೆ ಕಾಣುತ್ತದೆ, ಒತ್ತಡ ಕಾಣುವುದಿಲ್ಲ. ಪಕ್ಕದಲ್ಲಿ ಕುಳಿತು ಕಲಿಸುವವರು ಗೆರೆ ಕೆಡುವ ಮೊದಲೇ ಕೈಯನ್ನು ತಿದ್ದುತ್ತಾರೆ, ಆನ್‌ಲೈನ್‌ನಲ್ಲಾದರೆ ಕೆಟ್ಟ ಮೇಲಷ್ಟೇ ಸಲಹೆ ತಲುಪುತ್ತದೆ. ಆದ್ದರಿಂದ ಬಣ್ಣ ನೀರಾದಾಗ ಗೆರೆ ಹೇಗೆ ಹರಡುತ್ತದೆ, ಗಟ್ಟಿಯಾದಾಗ ಹೇಗೆ ತುಂಡಾಗುತ್ತದೆ ಎಂಬುದನ್ನೂ ಪಾಠದಲ್ಲಿ ತೋರಿಸಲೇಬೇಕು (ನನ್ನ ಮಟ್ಟಿಗೆ ಇದು ಚೆಂದದ ಚಿತ್ರೀಕರಣಕ್ಕಿಂತ ಮುಖ್ಯ). ಕಲಿಯುವವರಿಂದಲೂ ಮುಗಿದ ಚಿತ್ತಾರದ ಫೋಟೊ ಬದಲು ಕೈ ಚಲಿಸುತ್ತಿರುವ ವಿಡಿಯೊವನ್ನೇ ತರಿಸಿಕೊಳ್ಳಬೇಕು.