‘ಅಡ್ಡ ಬಂದರು’ ಅಂದರೆ ಯಾರಿಗೆ ಅಡ್ಡ?

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಳೆದ ಸಂಚಿಕೆಯಲ್ಲಿ ರಸ್ತೆ ಕೆಲಸಗಾರರ ಬಗ್ಗೆ ನಾವು ಬರೆದದ್ದು ಏಕಪಕ್ಷೀಯ ಅಂತ ನಿಮಗೆ ಬೇಸರವಾಗಿದೆ. ಇಪ್ಪತ್ತೆರಡು ವರ್ಷಗಳಿಂದ ಕಾರು ಓಡಿಸುತ್ತಿದ್ದೀರಿ, ಒಬ್ಬರಿಗೂ ಪೆಟ್ಟು ಮಾಡಿಲ್ಲ. ಜನ ಫೋನ್ ನೋಡುತ್ತಾ ರಸ್ತೆಗೆ ಇಳಿಯುತ್ತಾರೆ, ಕೆಲಸದವರು ಕತ್ತಲಲ್ಲಿ ಕಪ್ಪು ಬಟ್ಟೆ ತೊಟ್ಟು ನಿಂತಿರುತ್ತಾರೆ ಅಂತ ಬರೆದಿದ್ದೀರಿ. ಕೊನೆಗೆ ಒಂದು ಪ್ರಶ್ನೆ: ‘ದಿಢೀರನೆ ಅಡ್ಡ ಬಂದರೆ ಚಾಲಕ ತಾನೇ ಏನು ಮಾಡಬೇಕು?’

ಫೋನಿನ ಮಾತು ನಿಜ. ರಸ್ತೆ ದಾಟುವಾಗ ತಲೆ ಎತ್ತಿ ನೋಡಬೇಕು, ಅದನ್ನು ಮಕ್ಕಳಿಗೂ ಹೇಳಿಕೊಡಬೇಕು. ಒಪ್ಪಿದೆ. ಆದರೆ ನಿಮ್ಮ ಪತ್ರದ ಎರಡು ಪದ ನನ್ನನ್ನು ಬಿಡುತ್ತಿಲ್ಲ. ‘ದಿಢೀರನೆ’ ಮತ್ತು ‘ಅಡ್ಡ’.

ನಡೆಯುವವರು ಸಾಮಾನ್ಯವಾಗಿ ಗಂಟೆಗೆ ಸುಮಾರು 5 ಕಿಲೋಮೀಟರ್ ಹೋಗುತ್ತಾರೆ. ಅಷ್ಟು ನಿಧಾನವಾಗಿ ಹೋಗುವವರು ದಿಢೀರನೆ ಬರುವುದು ಹೇಗೆ? 60ರ ವೇಗದಲ್ಲಿ ನೀವು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೀರಿ. ಕಣ್ಣಿಗೆ ಬಿದ್ದದ್ದು ಕಾಲಿಗೆ ಇಳಿದು ಬ್ರೇಕ್ ಒತ್ತಲು ಚುರುಕಿನವರಿಗೂ ಸುಮಾರು ಒಂದು ಸೆಕೆಂಡ್ ಬೇಕು. 20 ಮೀಟರ್ ಮುಂದೆ ಒಬ್ಬ ಅಜ್ಜಿ ರಸ್ತೆಗೆ ಇಳಿದರು ಅಂದುಕೊಳ್ಳಿ. 30ರಲ್ಲಿ ಬರುತ್ತಿದ್ದರೆ, ಒಣ ರಸ್ತೆಯಲ್ಲಿ 13–14 ಮೀಟರ್ ಒಳಗೆ ಕಾರು ನಿಂತಿರುತ್ತದೆ. ಅಜ್ಜಿ ನಿಮ್ಮನ್ನು ಒಮ್ಮೆ ನೋಡಿ ದಾಟಿಕೊಂಡು ಹೋಗುತ್ತಾರೆ. 60ರಲ್ಲಿ ಬರುತ್ತಿದ್ದರೆ, ಬ್ರೇಕಿಗೆ ಕಾಲಿಡುವ ಹೊತ್ತಿಗೆ ನಿಮಗೂ ಅವರಿಗೂ ನಡುವೆ ಉಳಿಯುವುದು ಮೂರು ಮೀಟರ್. ಅದೇ ಅಜ್ಜಿ, ಅದೇ ಹೆಜ್ಜೆ. ‘ದಿಢೀರ್’ ಅನ್ನುವುದು ಬಂದದ್ದು ನಿಮ್ಮ ಕಾಲ ಕೆಳಗಿನ ಪೆಡಲ್‌ನಿಂದ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟಿದ್ದೇವೆ.

ಇನ್ನು ಕೆಲಸದವರ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಚಿಕ್ಕಪ್ಪ ಟಾರು ಹಾಕುವ ತಂಡದಲ್ಲಿ ಮೇಸ್ತ್ರಿಯಾಗಿದ್ದರು. ಟಾರು ಮಿಶ್ರಣ ಲಾರಿಯಿಂದ ಇಳಿಯುವಾಗ ಸುಮಾರು 150 ಡಿಗ್ರಿ ಬಿಸಿ ಇರುತ್ತದೆ. ಆರುವುದರೊಳಗೆ ಹರಡಬೇಕು, ರೋಲರ್ ಓಡಿಸಬೇಕು. ಗಾಡಿ ಬಂತು ಅಂತ ಸಲಿಕೆ ಬಿಟ್ಟು ಓಡಲು ಆಗುವುದಿಲ್ಲ. ತಲೆ ತಗ್ಗಿರುತ್ತದೆ, ಬೆನ್ನು ಬರುವ ಗಾಡಿಗಳ ಕಡೆಗಿರುತ್ತದೆ. ರೋಲರ್ ಸದ್ದಿನಲ್ಲಿ ಹಿಂದಿನಿಂದ ಬರುವ ಕಾರು ಕೇಳಿಸುವುದಿಲ್ಲ. ಅವರಿಗೂ ನಿಮಗೂ ನಡುವೆ ಇರುವುದು ಸಾಲಾಗಿ ಇಟ್ಟ ಪ್ಲಾಸ್ಟಿಕ್ ಕೋನ್. ಅದು ಕಾರನ್ನು ತಡೆಯುವುದಿಲ್ಲ. ಓಡಿಸುವವರು ಮನಸ್ಸು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಚಿಕ್ಕಪ್ಪ ನಿವೃತ್ತರಾದ ಮೇಲೂ ಹಿಂದಿನಿಂದ ಗಾಡಿಯ ಸದ್ದು ಕೇಳಿದರೆ ಸರ್ರನೆ ಪಕ್ಕಕ್ಕೆ ಜಿಗಿಯುತ್ತಿದ್ದರು. ಮನೆಯ ಅಂಗಳದಲ್ಲಿ ನಿಂತಿದ್ದಾಗಲೂ ಅಷ್ಟೇ.

ರಾತ್ರಿ ಯಾಕೆ ನಿಲ್ಲುತ್ತಾರೆ ಅಂತ ಕೇಳಿದ್ದೀರಿ. ಹಗಲು ರಸ್ತೆ ಅರ್ಧ ಮುಚ್ಚಿದರೆ ನಾವು ತಾನೇ ಬೈಯುವುದು? ನಮಗೆ ಹತ್ತು ನಿಮಿಷ ತಡವಾಗಬಾರದು ಅಂತ ಅವರು ಕತ್ತಲಲ್ಲಿ ಕೆಲಸ ಮಾಡುತ್ತಾರೆ. ಹೊಳೆಯುವ ಜಾಕೆಟ್ ಕೊಡದ ಗುತ್ತಿಗೆದಾರರ ಮೇಲೆ ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆ ಸಿಟ್ಟನ್ನು ಜಾಕೆಟ್ ಸಿಗದವನ ಮೇಲೆ ತಿರುಗಿಸಬೇಡಿ. ಲೋ ಬೀಮ್‌ನಲ್ಲಿ, ಅಂದರೆ ಹೆಡ್‌ಲೈಟ್ ತಗ್ಗಿಸಿದಾಗ, ಕಪ್ಪು ಬಟ್ಟೆಯ ಮನುಷ್ಯ ಕಾಣುವುದು ಬಹಳ ಸಲ 40 ಮೀಟರ್ ಹತ್ತಿರಕ್ಕೆ ಬಂದ ಮೇಲೆಯೇ. 80ರಲ್ಲಿ ಹೋಗುವ ಕಾರು ನಿಲ್ಲಲು 50 ಮೀಟರ್‌ಗಿಂತ ಜಾಸ್ತಿ ಬೇಕು. ಅಂದರೆ ಬೆಳಕು ಎಲ್ಲಿಯವರೆಗೆ ಬೀಳುತ್ತದೋ ಅದನ್ನೂ ಮೀರಿ ಓಡಿಸುತ್ತಿದ್ದೇವೆ, ಅಲ್ವಾ?

ನನಗೆ ಇನ್ನೂ ನೋವು ಕೊಡುವುದು ನನ್ನದೇ ವೃತ್ತಿಯ ಭಾಷೆ. ‘ಕಾರು ಡಿಕ್ಕಿ: ಪಾದಚಾರಿ ಸಾವು’. ‘ನಿಯಂತ್ರಣ ತಪ್ಪಿದ ಲಾರಿ’. ‘ಯಮನಂತೆ ಬಂದ ಬಸ್ಸು’. ಈ ಸಾಲುಗಳಲ್ಲಿ ಓಡಿಸಿದವರು ಎಲ್ಲಿದ್ದಾರೆ? ಲಾರಿ ತಾನಾಗಿ ನಿಯಂತ್ರಣ ತಪ್ಪಿತೇ, ಯಾರಾದರೂ ತಪ್ಪಿಸಿದರೇ? ಸತ್ತವರ ಬಗ್ಗೆ ಮಾತ್ರ ಪೂರ್ತಿ ವಿವರ ಬರುತ್ತದೆ: ಎಲ್ಲಿ ದಾಟುತ್ತಿದ್ದರು, ಕಿವಿಯಲ್ಲಿ ಏನಿತ್ತು. ‘ಬ್ರಿಟಿಷ್ ಮೆಡಿಕಲ್ ಜರ್ನಲ್’ 2001ರಲ್ಲಿ ‘ಆಕ್ಸಿಡೆಂಟ್’ ಪದವನ್ನು ತನ್ನ ಪುಟಗಳಿಂದ ಹೊರಗಿಟ್ಟಿತು. ಹೆಚ್ಚಿನ ಗಾಯಗಳನ್ನು ಮೊದಲೇ ಊಹಿಸಬಹುದು, ತಡೆಯಬಹುದು ಅನ್ನುವುದು ಅವರ ವಾದ. ನಮ್ಮ ಪತ್ರಿಕೆಯಲ್ಲೂ ನಾನು ಇದೇ ಹಟ ಹಿಡಿದಿದ್ದೇನೆ. ‘ಚಾಲಕ ಗುದ್ದಿದ’ ಅಂತಲೇ ಬರೆಯಿರಿ ಎಂದು ಉಪಸಂಪಾದಕರಿಗೆ ಹೇಳುತ್ತಲೇ ಇರುತ್ತೇನೆ.

ಈ ಚಾಳಿ ಹೊಸದೇನಲ್ಲ. 1896ರ ಆಗಸ್ಟ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ತಾಯಿ ಮಗಳ ಜೊತೆ ನಡೆದು ಹೋಗುತ್ತಿದ್ದರು. ಪ್ರದರ್ಶನಕ್ಕೆ ತಂದಿದ್ದ ಮೋಟಾರು ಕಾರು ಅವರ ಮೇಲೆ ಹರಿಯಿತು. ಬ್ರಿಟನ್ನಿನಲ್ಲಿ ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಅವರು. ಗಂಟೆ ಬಾರಿಸಿದ್ದೆ, ಕೂಗಿದ್ದೆ ಎಂದ ಚಾಲಕ. ಆಕಸ್ಮಿಕ ಸಾವು ಎಂದರು ಜೂರಿಗಳು. ಸುಮಾರು 130 ವರ್ಷಗಳಾದವು. ‘ಹಾರನ್ ಹೊಡೆದಿದ್ದೆ’ ಎಂದು ಇವತ್ತೂ ಹೇಳುತ್ತೇವೆ.

ಈಗ ವರ್ಷಕ್ಕೆ ಸುಮಾರು 12 ಲಕ್ಷ ಜನ ಜಗತ್ತಿನ ರಸ್ತೆಗಳಲ್ಲಿ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಅವರಿಗೆ ನಾವು ಕೊಟ್ಟಿರುವುದಾದರೂ ಏನು? ಕಾರು ನಿಲ್ಲಬಾರದು ಅಂತ ಮೇಲ್ಸೇತುವೆ. ಮಂಡಿ ನೋವಿನವರು ನಲವತ್ತು ಮೆಟ್ಟಿಲು ಹತ್ತಿ ಇಳಿಯಬೇಕು, ಕೂತು ಹೋಗುವವರಿಗೆ ಅರ್ಧ ನಿಮಿಷ ಉಳಿಯಬೇಕು. ಸಿಗ್ನಲ್ ಇದ್ದರೆ, ದಾಟಲು ಕೊಡುವ ಸಮಯಕ್ಕೆ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅನ್ನುವ ಹಳೆಯ ಲೆಕ್ಕ. ವಯಸ್ಸಾದವರು ಎಷ್ಟೋ ಜನ ಅಷ್ಟು ಬೇಗ ನಡೆಯಲಾರರು. ನಡುರಸ್ತೆಯಲ್ಲಿ ಇರುವಾಗಲೇ ದೀಪ ಬದಲಾಗುತ್ತದೆ. ಆಗ ನಾವು ಗಾಡಿಯಲ್ಲಿ ಕೂತು ಏನನ್ನುತ್ತೇವೆ? ಅಡ್ಡ ಬಂದರು!

ಬದಲಾಯಿಸಲು ಆಗುವುದಿಲ್ಲ ಎನ್ನುವವರಿಗೆ ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿ ತೋರಿಸುತ್ತೇನೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. 2024ರ ಜುಲೈನಿಂದ 2025ರ ಜುಲೈವರೆಗೆ, ಇಡೀ ಒಂದು ವರ್ಷ, ಆ ನಗರದ ರಸ್ತೆಗಳಲ್ಲಿ ಒಬ್ಬರೂ ಸಾಯಲಿಲ್ಲ. ಅಲ್ಲಿಯ ಜನರೂ ಫೋನ್ ಹಿಡಿದೇ ನಡೆಯುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು, ನೀವು ಬರೀ ಒಂದು ಸಾಲಿನಲ್ಲಿ ದಾಟಿಸಿಬಿಟ್ಟ ವಿಷಯ. ಇಪ್ಪತ್ತೆರಡು ವರ್ಷ, ಒಬ್ಬರಿಗೂ ಪೆಟ್ಟಿಲ್ಲ. ಅದು ಸುಮ್ನೆ ಆಗಿರಲಾರದು. ಎಷ್ಟೋ ಸಲ ನೀವು ಕಾಲು ತೆಗೆದಿದ್ದೀರಿ, ಕಾದಿದ್ದೀರಿ, ಹಿಂದಿನವರು ಹಾರನ್ ಹೊಡೆದರೂ ದಾಟುವವರಿಗೆ ದಾರಿ ಬಿಟ್ಟಿದ್ದೀರಿ. ಯಾವ ರಸ್ತೆಯಲ್ಲಿ, ಏನು ಕಂಡಾಗ, ಎಷ್ಟು ಮೊದಲೇ ವೇಗ ಇಳಿಸುತ್ತೀರಿ? ಅದನ್ನು ವಿವರವಾಗಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಈ ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.

– ಸಂಪಾದಕ