ಹೆಲ್ದಿ ಊಟದ ಗೀಳು ಹತ್ತಿದೆಯಾ ಅಂತ ಟೆಸ್ಟ್ ಮಾಡಿ ತಿಳ್ಕೋಬಹುದಾ?

ತಕ್ಕಮಟ್ಟಿಗೆ ತಿಳ್ಕೋಬಹುದು, ಆದ್ರೆ ಸ್ಕೋರ್ ನೋಡಿ ಕಾಯಿಲೆ ಅಂತ ಹಣೆಪಟ್ಟಿ ಹಚ್ಕೋಬೇಡಿ. ಇದಕ್ಕೆ ಆರ್ಥೊರೆಕ್ಸಿಯಾ ಅಂತಾರೆ, 1997ರಲ್ಲಿ ಸ್ಟೀವನ್ ಬ್ರಾಟ್‌ಮನ್ ಅನ್ನೋ ಅಮೆರಿಕದ ಡಾಕ್ಟರ್ ಇಟ್ಟ ಹೆಸರು, ಅಮೆರಿಕದ ಮನೋವೈದ್ಯರ ಕಾಯಿಲೆ ಪಟ್ಟಿ ಡಿಎಸ್‌ಎಂ-5ರಲ್ಲಿ ಪ್ರತ್ಯೇಕ ಕಾಯಿಲೆ ಅಂತ ಸೇರಿಲ್ಲ. ಜಾಸ್ತಿ ಬಳಸೋ ಟೆಸ್ಟ್ ಓರ್ಟೋ-15, 15 ಪ್ರಶ್ನೆ ಇರುತ್ತೆ, 40ಕ್ಕಿಂತ ಕಮ್ಮಿ ಬಂದ್ರೆ ಗೀಳು ಅಂತ ಲೆಕ್ಕ (ಹೌದು, ಇಲ್ಲಿ ಕಮ್ಮಿ ಬಂದ್ರೇನೇ ತೊಂದ್ರೆ), ಆದ್ರೆ ಸುಮ್ನೆ ಡಯಟ್ ಮಾಡೋರೂ ಅದ್ರಲ್ಲಿ ಸಿಕ್ಕಿಬೀಳ್ತಾರೆ ಅನ್ನೋ ದೂರಿದೆ.

ನನ್ ಪ್ರಕಾರ ನಿಯಮ ತಪ್ಪಿದಾಗ ಏನಾಗುತ್ತೆ ಅಂತ ನೋಡ್ಕೊಳ್ಳಿ. ಫ್ರೆಂಡ್ ಬರ್ತ್‌ಡೇಲಿ ಒಂದು ತುಂಡು ಕೇಕ್ ತಿಂದು, ರಾತ್ರಿಯೆಲ್ಲ ಪಾಪಪ್ರಜ್ಞೆಲಿ ಹೊರಳಾಡಿ, ಮಾರನೇ ದಿನ ಉಪವಾಸ ಕೂತು, ಮುಂದಿನ ಬರ್ತ್‌ಡೇಗೆ ಹೋಗೋದನ್ನೇ ಬಿಟ್ರೆ, ಅಥವಾ ತೂಕ ಇಳೀತಿದ್ರೂ ಇನ್ನೊಂದು ಪದಾರ್ಥ ಬಿಡ್ತಾನೇ ಇದ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗಿ. ಅನೊರೆಕ್ಸಿಯಾನೋ (ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡೋ ಕಾಯಿಲೆ) ಒಸಿಡಿನೋ (ಬೇಡ ಅಂದ್ರೂ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಬರೋ ಕಾಯಿಲೆ) ಅನ್ನೋದನ್ನೂ ಅವ್ರೇ ನೋಡ್ತಾರೆ.