ಕೆರೆಯಂಗಳದಲ್ಲಿ ಮತ್ತೆ ಜಾಲಿ

ಪ್ರಶ್ನೆ: ಮೂರು ವರ್ಷಗಳ ಹಿಂದೆ ಸರ್ಕಾರದ ಹಣದಲ್ಲಿ ನಮ್ಮೂರ ಕೆರೆಯ ಹೂಳು ತೆಗೆಸಲಾಯಿತು. ಈಗ ಅಂಗಳದ ತುಂಬ ಮತ್ತೆ ಬಳ್ಳಾರಿ ಜಾಲಿ ಬೆಳೆದಿದೆ, ಏರಿಯ ಮೇಲೆ ಕಸ ಬಿದ್ದಿದೆ. ದಿನವೂ ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕುವ ಜನರಿಗೆ ಕೆರೆಯ ಮೇಲೆ ಕಾಳಜಿ ಇಲ್ಲವೇಕೆ?
- ಓದುಗರೊಬ್ಬರು, ಕುಷ್ಟಗಿ ತಾಲ್ಲೂಕು

ಉತ್ತರ: ಜನರಿಗೆ ಕಾಳಜಿ ಇಲ್ಲವೆಂಬ ತಮ್ಮ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕೆರೆಯ ನೀರನ್ನೇ ಕುಡಿಯುತ್ತಿದ್ದ ಕಾಲದಲ್ಲಿ ಕೊಡ ಹೊತ್ತು ಹೋಗುವ ಹೆಣ್ಣುಮಕ್ಕಳಿಗೆ ನೀರು ಯಾವ ಮೆಟ್ಟಿಲಿಗೆ ಇಳಿದಿದೆ, ತೂಬಿನ ಬಾಯಿಗೆ ಏನು ಸಿಕ್ಕಿಕೊಂಡಿದೆ ಎಂಬುದು ದಿನವೂ ಕಣ್ಣಿಗೆ ಬೀಳುತ್ತಿತ್ತು. ಸಂಜೆಯೊಳಗೆ ಅದು ಊರಿಗೆಲ್ಲ ತಿಳಿಯುತ್ತಿತ್ತು. ಕೊಳವೆಬಾವಿಯೂ ನಲ್ಲಿಯೂ ಬಂದು ಅವರ ಹೊರೆ ಇಳಿದದ್ದು ಒಳ್ಳೆಯದೇ ಆಯಿತು. ಆದರೆ ಕೆರೆಯನ್ನು ನೋಡುವ ಕಣ್ಣುಗಳು ಕಡಿಮೆಯಾದಾಗ ಆ ಜಾಗಕ್ಕೆ ನಾವು ಬೇರೆ ಯಾರನ್ನೂ ನಿಲ್ಲಿಸಲಿಲ್ಲ.

ಹಿಂದಿನವರು ಕೆರೆಯ ರಕ್ಷಣೆಯನ್ನು ಬರಿಯ ಭಕ್ತಿಗೆ ಬಿಟ್ಟಿರಲಿಲ್ಲ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಕೆರೆ ಕಟ್ಟಿದವರಿಗೂ ಅದನ್ನು ದುರಸ್ತಿಯಲ್ಲಿ ಇಡುವವರಿಗೂ ಬಿಟ್ಟುಕೊಟ್ಟ ಭೂಮಿಗೆ ಸಂಬಂಧಿಸಿದವು. ಪುಣ್ಯದ ಜೊತೆಗೆ ಹೊಟ್ಟೆಪಾಡೂ ಅಲ್ಲಿ ಸೇರಿತ್ತು.

ತಮ್ಮ ಜಿಲ್ಲೆಯಲ್ಲೇ ಹತ್ತಿರದ ಉದಾಹರಣೆಯಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತು, ತುಂಗಭದ್ರೆಯನ್ನು ಸೇರುವ ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಹೆಚ್ಚು ಉದ್ದ ಸ್ವಚ್ಛಗೊಳಿಸಿದರು. ತಮ್ಮ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳೂ ಆ ವರ್ಷವೇ ಜನರ ನೆರವಿನಿಂದ ಹೊರಬಿತ್ತು. ಜಾತ್ರೆಗೆ ರೊಟ್ಟಿ ಕಟ್ಟಿಕೊಂಡು ಬರುವ, ದಾಸೋಹಕ್ಕೆ ಕೈಲಾದಷ್ಟು ಕೊಡುವ ರೂಢಿ ಈ ಭಾಗದ ಜನರಲ್ಲಿ ಮೊದಲೇ ಇದ್ದುದರಿಂದ ಆ ಕರೆ ಅವರಿಗೆ ಹೊಸದೆನಿಸಲಿಲ್ಲ ಎಂದು ನಾನು ತಿಳಿಯುತ್ತೇನೆ.

ಹಾಗೆಂದು ಹಳೆಯದೆಲ್ಲವೂ ಮರಳಬೇಕೆಂದು ಹೇಳಲಾರೆ. ಒಂದು ಓಣಿಯವರು ಮೆಟ್ಟಿಲಿಳಿದು ನೀರು ಮುಟ್ಟುವಂತಿಲ್ಲದ ಕೆರೆಗಳು ನಮ್ಮಲ್ಲಿ ಎಷ್ಟೋ ಇದ್ದವು. ಅಂದು ದೂರ ನಿಲ್ಲಿಸಿದ ಮನೆಗಳವರನ್ನು ಇಂದು ಶ್ರಮದಾನಕ್ಕೆ ಮಾತ್ರ ಕರೆದರೆ ಅವರೇಕೆ ಬರಬೇಕು? ಹೂಳು ಯಾರ ಹೊಲಕ್ಕೆ, ಮೀನಿನ ಹರಾಜಿನ ಹಣ ಯಾವುದಕ್ಕೆ ಎಂಬುದು ತೀರ್ಮಾನವಾಗುವಾಗ ಆ ಓಣಿಯವರೂ ಹೆಣ್ಣುಮಕ್ಕಳೂ ದೈವದವರ, ಅಂದರೆ ಊರ ಹಿರಿಯರ, ಸಮಕ್ಕೆ ಕುಳಿತಿರಬೇಕು. ಹೂಳಿನ ಮೊದಲ ಟ್ರ್ಯಾಕ್ಟರು ಎರಡೆಕರೆಯವನ ಹೊಲಕ್ಕೆ ಹೋಗಲಿ.

ಇನ್ನು ಜಾಲಿಯ ಮಾತು. ಅದರ ಕಾಯಿ ತಿಂದ ಕುರಿ, ಆಡುಗಳ ಹಿಕ್ಕೆಯಲ್ಲಿ ಬೀಜ ಮತ್ತೆ ಅಂಗಳ ಸೇರುತ್ತದೆ, ಕಡಿದ ಬೊಡ್ಡೆಯೂ ಚಿಗುರುತ್ತದೆ. ಆದ್ದರಿಂದ ಒಮ್ಮೆ ಯಂತ್ರ ಬಂದು ಹೋದರೆ ಸಾಲದು. ಮುಂಗಾರಿನ ಮೊದಲ ಮಳೆಯಾದ ಮೇಲೆ, ಸಸಿ ಕೈಯಲ್ಲಿ ಕೀಳುವಷ್ಟು ಎಳೆಯದಿರುವಾಗಲೇ, ಓಣಿಗೊಂದು ಪಾಳಿಯಂತೆ ಅಂಗಳಕ್ಕೆ ಇಳಿಯುವ ದಿನವನ್ನು ಈ ವರ್ಷದ ಜಾತ್ರೆಯ ಸಭೆಯಲ್ಲೇ ಗೊತ್ತುಮಾಡಿಕೊಳ್ಳಿರಿ.